ಒಂದೇ ಬ್ಯಾಗಿನ ಎರಡು ಪ್ರತಿ

ಆಫೀಸಿನ ಕೆಲಸಕ್ಕೆ ಊರೂರು ಸುತ್ತುವವರು ಲ್ಯಾಪ್‌ಟಾಪಿನ ಫೈಲುಗಳನ್ನೆಲ್ಲ ಪೆನ್‌ಡ್ರೈವಿಗೂ ಹಾಕಿ, ಆ ಪೆನ್‌ಡ್ರೈವನ್ನು ಅದೇ ಬ್ಯಾಗಿನ ಜಿಪ್ಪಿನೊಳಗೆ ಚಾರ್ಜರಿನ ಪಕ್ಕ ಮಲಗಿಸಿ ನಿಶ್ಚಿಂತರಾಗುತ್ತಾರೆ. ಹುಬ್ಬಳ್ಳಿಯ ರಾತ್ರಿ ಬಸ್ಸಿನಲ್ಲಿ ಬ್ಯಾಗಿಗೆ ಕೈಹಾಕುವ ಕಳ್ಳ ಮೂಲವನ್ನಷ್ಟೇ ಒಯ್ದು ನಕಲನ್ನು ಸೀಟಿನ ಮೇಲಿಟ್ಟು ಹೋಗುವಷ್ಟು ಸಜ್ಜನನೆಂದು ಯಾರು ಹೇಳಿದರೋ! ಛಾಯಾಗ್ರಾಹಕ ಪೀಟರ್ ಕ್ರೋಗ್ ಪ್ರಚಾರಕ್ಕೆ ತಂದ 3-2-1 ಸೂತ್ರ ಕೇಳುವುದು ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಜಾಗದಲ್ಲಿ. ನಮ್ಮವರು ಎಡವುವುದು ಆ ಕೊನೆಯ ಒಂದರಲ್ಲೇ.

‘ಪಾಸ್‌ವರ್ಡ್ ಇದೆಯಲ್ಲ ಸ್ವಾಮಿ’ ಎನ್ನಬಹುದು. ಅದು ಬಾಗಿಲ ಚಿಲಕವಷ್ಟೇ. ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಸಿಕ್ಕಿಸಿದರೆ ಫೈಲುಗಳು ತೆರೆದುಕೊಳ್ಳುತ್ತವೆ. ಬಿಟ್‌ಲಾಕರ್‌ನಂಥ ಎನ್‌ಕ್ರಿಪ್ಶನ್ ಇದ್ದರೆ ಕಳ್ಳನಿಗೆ ದಕ್ಕುವುದು ಬರೀ ತಗಡು. ಅದರ 48 ಅಂಕಿಯ ರಿಕವರಿ ಕೀಯನ್ನು ಚೀಟಿಯಲ್ಲಿ ಬರೆದು ಅದೇ ಜಿಪ್ಪಿನಲ್ಲಿ ಇಟ್ಟಿರಬಾರದು, ಅಷ್ಟೇ. ‘ಕ್ಲೌಡ್ ಇದೆಯಲ್ಲ’ ಎಂಬುದು ಇನ್ನೂ ಗಟ್ಟಿ ವಾದ, ಒಪ್ಪೋಣ. ಆದರೆ ಸಿಂಕ್‌ಗೆ ವಿವೇಕವಿಲ್ಲ: ನಿದ್ದೆಗಣ್ಣಲ್ಲಿ ನೀವು ಇಲ್ಲಿ ಅಳಿಸಿದ್ದನ್ನು ಅಲ್ಲಿಯೂ ಶ್ರದ್ಧೆಯಿಂದ ಅಳಿಸುತ್ತದೆ. ಕಸದ ಬುಟ್ಟಿಯಲ್ಲಿ ಕೆಲ ದಿನ ಉಳಿದೀತು, ನೆನಪಾದರೆ ಪುಣ್ಯ. ಇನ್ನು ಲಾಡ್ಜಿನ ವೈಫೈಯಲ್ಲಿ ದೊಡ್ಡ ಫೈಲು ಏರುವಷ್ಟರಲ್ಲಿ ರೂಮು ಖಾಲಿ ಮಾಡುವ ಹೊತ್ತಾಗಿರುತ್ತದೆ. ಹಾಗಾಗಿ ಮನೆಯಿಂದಲೇ ಏರಿಸಿ ಹೊರಡುವುದು, ಪೆನ್‌ಡ್ರೈವಿಗೂ ಬೀಗ ಜಡಿದು ಪ್ಯಾಂಟಿನ ಜೇಬಿಗೆ ಹಾಕಿಕೊಳ್ಳುವುದು ಮೇಲು. ಪ್ಯಾಂಟನ್ನು ಲಾಂಡ್ರಿಗೆ ಕೊಡುವಾಗ ಜೇಬು ತಡವಿ ನೋಡಬೇಕು, ಅಷ್ಟೆ.