ಮೇಲ್ ಬಂತಾ, ಮೇಲ್ ಬಂತಾ

ಒಲೆ ಮೇಲೆ ಹಾಲಿಟ್ಟು ನಿಂತಾಗಲೂ ಒಂದು ಸಲ ಮೇಲ್ ನೋಡಿಬಿಡೋಣ ಅನ್ನಿಸುತ್ತೆ, ಅಲ್ವಾ? ಬಂದಿರೋದಾದರೂ ಏನು? ಸಾಲ ಬೇಕಾ ಅಂತ ದುಂಬಾಲು ಬೀಳೋ ಬ್ಯಾಂಕು, ಎಂದೋ ಒಂದು ಜೊತೆ ಚಪ್ಪಲಿ ಕೊಂಡ ಪಾಪಕ್ಕೆ ‘ರಿಯಾಯಿತಿಗೆ ಇಂದೇ ಕೊನೆಯ ದಿನ’ ಅನ್ನೋ ಅಂಗಡಿ. ಅವರ ಕೊನೆಯ ದಿನ ವಾರಕ್ಕೆರಡು ಸಲ ಬರುತ್ತೆ, ಅದು ಬೇರೆ ಮಾತು. ಥತ್ ಅಂತ ಮುಚ್ಚಿಡ್ತೀವಿ. ಹಾಲು ಉಕ್ಕೋದರೊಳಗೆ ಮತ್ತೆ ತೆಗೀತೀವಿ.

ಅಮೆರಿಕದ ಸ್ಕಿನ್ನರ್ ಅನ್ನೋ ಮನಶ್ಶಾಸ್ತ್ರಜ್ಞರು ಪಾರಿವಾಳ ಇಟ್ಟುಕೊಂಡು ಇದನ್ನೇ ನೋಡಿದ್ದರು. ಕಾಳು ಯಾವಾಗ ಬೀಳುತ್ತೋ ಗೊತ್ತಿಲ್ಲ ಅಂತಾದರೆ ಹಕ್ಕಿ ಬಿಡದೆ ಕುಕ್ಕುತ್ತಲೇ ಇತ್ತಂತೆ. ನಮ್ಮ ಪಾಡೂ ಅದೇ. ಕಸದ ನಡುವೆ ಅಪರೂಪಕ್ಕೊಂದು ಒಳ್ಳೆ ಸುದ್ದಿ ಇರೋದೇ ತೊಂದರೆ. ಬರೀ ಕಸವೇ ಆಗಿದ್ದರೆ ಎಂದೋ ಕೈಬಿಡ್ತಿದ್ದೆವು.

ಈ ಗೀಳಿನಲ್ಲಿ ನಮ್ಮ ಊರಿನ ಪಾಲೂ ಇದೆ ನೋಡಿ. 1996ರಲ್ಲಿ ಜ್ಯಾಕ್ ಸ್ಮಿತ್ ಜೊತೆ ಸೇರಿ ಹಾಟ್‌ಮೇಲ್ ಶುರು ಮಾಡಿದ ಸಬೀರ್ ಭಾಟಿಯಾ ಬೆಳೆದದ್ದು ಬೆಂಗಳೂರಲ್ಲಿ. ಮೇಲ್ ವಿಳಾಸ ಪುಕ್ಕಟೆ ಸಿಕ್ಕಿತು, ಸರಿ. ಆದರೆ ತೆರೆದು ನೋಡೋಕೆ ಸೈಬರ್ ಕೆಫೆಗೇ ಹೋಗಬೇಕಿತ್ತಲ್ಲ? ಕೆಲವು ಕಡೆ ದೇವಸ್ಥಾನದ ಹಾಗೆ ಚಪ್ಪಲಿ ಹೊರಗೇ ಬಿಡಬೇಕು. ಕಂಪ್ಯೂಟರಿಗೆ ಧೂಳು ಆಗಲ್ಲವಂತೆ! ಹಲಗೆಯ ಗೂಡೊಳಗೆ ಕೂತರೆ ಪುಟ ತೆರೆಯೋ ಹೊತ್ತಿಗೆ ಅರ್ಧ ದುಡ್ಡು ಕರಗಿರೋದು. ಗಂಟೆ ಲೆಕ್ಕ ನೋಡಿ, ಓದಿ, ಎರಡು ಸಾಲು ಕುಟ್ಟಿ, ಎದ್ದು ಬರ್ತಿದ್ದೆವು. ಚಟ ಹಿಡಿಯೋಕೆ ಪುರುಸೊತ್ತೇ ಇರಲಿಲ್ಲ. ಮನೇಲಿ ಇಂಟರ್‌ನೆಟ್ ಇದ್ದವರ ಕಥೆ ಇನ್ನೂ ಚೆನ್ನ. ಆಗ ಫೋನಿನ ತಂತಿಯಲ್ಲೇ ಇಂಟರ್‌ನೆಟ್ಟೂ ಬರ್ತಿದ್ದದ್ದು. ಮೇಲ್ ತೆಗೆದರೆ ಫೋನು ಎಂಗೇಜು, ಒಳಗಿಂದ ಅಮ್ಮನ ಕೂಗು. ಅದಕ್ಕಿಂತ ಒಳ್ಳೆ ಕಡಿವಾಣ ಬೇಕಾ?

ಸ್ಟ್ಯಾನ್‌ಫರ್ಡಿನ ಡೊನಾಲ್ಡ್ ಕನೂತ್ ಅಂತ ಕಂಪ್ಯೂಟರ್ ವಿದ್ಯೆಯ ದೊಡ್ಡ ವಿದ್ವಾಂಸರಿದ್ದಾರೆ. ಹದಿನೈದು ವರ್ಷ ಇಮೇಲ್ ಬಳಸಿದ್ದಾಯ್ತು, ಒಂದು ಜನ್ಮಕ್ಕೆ ಅಷ್ಟು ಸಾಕು ಅಂತ 1990ರ ಜನವರಿ 1ರಿಂದ ಬಿಟ್ಟೇಬಿಟ್ಟರು. ಬಂದದ್ದನ್ನು ಕಾರ್ಯದರ್ಶಿ ಕಾಗದದ ಮೇಲೆ ಅಚ್ಚು ಹಾಕಿ ಕೊಡೋದು, ಬಿಡುವಾದಾಗ ಇವರು ಕೈಯಲ್ಲಿ ಉತ್ತರ ಬರೆಯೋದು! ಕೇಳೋಕೆ ಸೊಗಸು. ನಮಗೆ ಕಾರ್ಯದರ್ಶಿ ಎಲ್ಲಿಂದ ಬರಬೇಕು, ಹೇಳಿ?

ನಮ್ಮಂಥವರಿಗೆ ಆಗೋ ಮಾತು ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಿಂದ ಬಂದಿದೆ. 2015ರಲ್ಲಿ ಪ್ರಕಟವಾದ ಅಧ್ಯಯನ. ಒಂದು ವಾರ ದಿನಕ್ಕೆ ಮೂರೇ ಸಲ ಮೇಲ್ ನೋಡಿ ಅಂದರು, ಇನ್ನೊಂದು ವಾರ ಬೇಕಾದಷ್ಟು ನೋಡಿ ಅಂದರು. ಮೂರು ಸಲದ ವಾರದಲ್ಲಿ ಜನರ ಒತ್ತಡ ಇಳಿದಿತ್ತು. ಬೆಳಗ್ಗೆ, ಮಧ್ಯಾಹ್ನ, ಸಂಜೆ... ಮಾತ್ರೆ ನುಂಗೋ ಹೊತ್ತೇ ಆಯ್ತು, ನೆನಪಿಡೋದೂ ಸುಲಭ.

ಅದಕ್ಕೂ ಮೊದಲು ಆ ‘ಟಿಂಗ್’ ಸದ್ದು ಆರಿಸಿಬಿಡಿ. ತೀರಾ ತುರ್ತಿದ್ದವರು ಮೇಲ್ ಹಾಕಿ ಕಾಯ್ತಾ ಕೂರಲ್ಲ, ಫೋನೇ ಮಾಡ್ತಾರೆ.