ಬೋನ್ಸಾಯ್ ರಾಯರು

ವೈಟ್‌ಫೀಲ್ಡಿನ ಯಾವ ಅಪಾರ್ಟ್‌ಮೆಂಟಿಗೆ ಹೋದರೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ನಮ್ಮ ಬ್ಲಾಕಿನವರನ್ನು ರಾಯರು ಎನ್ನೋಣ. ಊರಲ್ಲಿ ತಾತ ನೆಟ್ಟ ಹುಣಸೆಮರಗಳ ಫಸಲನ್ನು ಗುತ್ತಿಗೆಗೆ ಕೊಟ್ಟು ಅತ್ತ ತಲೆಯೂ ಹಾಕದವರು, ಇಲ್ಲಿ ಒಂಬತ್ತನೇ ಮಹಡಿಯ ಬಾಲ್ಕನಿಯಲ್ಲಿ ಗೇಣುದ್ದದ ಹುಣಸೆಯನ್ನು ಬೆಳಿಗ್ಗೆ ಸಂಜೆ ತಿರುಗಿಸಿ ತಿರುಗಿಸಿ ನೋಡುತ್ತಾರೆ. ‘ಯಾವಾಗ ದೊಡ್ಡದಾಗುತ್ತೆ ಸಾರ್?’ ಎಂದು ಕೇಳಿದವರಿಗೆ ಆ ಮನೆಯಲ್ಲಿ ಎರಡನೇ ಸಲ ಕಾಫಿ ಇಲ್ಲ.

ಕೊಂಬೆ ಬಗ್ಗಿಸಲು ಅಲ್ಯೂಮಿನಿಯಂ ತಂತಿ ಅವರ ಪ್ರಕಾರ ಮಕ್ಕಳಾಟ. ತಾಮ್ರವೇ ಆಗಬೇಕು. ಅದಕ್ಕಾಗಿ ಪರ್ಪಲ್ ಲೈನ್ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಗ್ರೀನ್ ಲೈನಿಗೆ ಬದಲಾಯಿಸಿ, ಪೀಣ್ಯದ ಮೋಟರ್ ವೈಂಡಿಂಗ್ ಅಂಗಡಿಗೆ ಹೋಗುತ್ತಾರೆ.

‘ಎಷ್ಟು ಎಚ್‌ಪಿ ಮೋಟರ್ ಸಾರ್?’

‘ಮೋಟರ್ ಅಲ್ಲಪ್ಪ, ಮರಕ್ಕೆ.’

ಅಂಗಡಿಯವನು ಮತ್ತೇನೂ ಕೇಳದೆ ತೂಕ ಹಾಕಿ ಕೊಟ್ಟ. ಬರುವ ದಾರಿಯಲ್ಲಿ ಶೆಡ್ಡೊಂದರ ಗೋಡೆಬಿರುಕಿನಲ್ಲಿದ್ದ ಅರಳಿಸಸಿಯೂ ರಾಯರ ಚೀಲ ಸೇರಿತು. ತಾಮ್ರವನ್ನು ಕೆಂಪಗೆ ಕಾಯಿಸಿದರೆ ಮೆತ್ತಗಾಗುತ್ತದೆ, ಬಾಗಿಸಿದಂತೆಲ್ಲ ಮತ್ತೆ ಬಿಗಿಯಾಗಿ ಕೊಂಬೆಯನ್ನು ಹಿಡಿದು ನಿಲ್ಲಿಸುತ್ತದೆ. ಆ ಕಾಯಿಸುವ ಕೆಲಸ ಅಡುಗೆಮನೆಯ ಸ್ಟವ್ವಿನ ಮೇಲೆ. ಸಾರಿನ ಒಗ್ಗರಣೆ ಸರದಿ ಕಾಯಬೇಕು. ತಂತಿ ಬಿಚ್ಚುವುದು ತಡವಾದರೆ ತೊಗಟೆಗೆ ಇಳಿದು ಗಾಯದ ಗುರುತು ಉಳಿಯುತ್ತದೆ. ಟೀಮಿನವರ ಅಪ್ರೈಸಲ್ಲನ್ನು ತಿಂಗಳುಗಟ್ಟಲೆ ಮುಂದೂಡುವ ರಾಯರು ತಂತಿ ಬಿಚ್ಚುವ ದಿನವನ್ನು ಮಾತ್ರ ತಪ್ಪಿಸಿದ್ದಿಲ್ಲ.

ಟ್ಯಾಂಕರಿನ ಗಡಸು ನೀರು ಹಾಕಿದರೆ ಕುಂಡದ ಅಂಚಿನಲ್ಲಿ ಬಿಳಿ ಉಪ್ಪು ಕಟ್ಟುತ್ತದಂತೆ. ಹಾಗಾಗಿ ಮರಕ್ಕೆ ಫಿಲ್ಟರ್ ನೀರು, ಮನೆಮಂದಿಯ ಸ್ನಾನಕ್ಕೆ ಟ್ಯಾಂಕರ್. 2024ರ ಮಾರ್ಚಿನಲ್ಲಿ ಕೈತೋಟಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಹೇಳಿದಾಗ ರಾಯರ ಮನೆಯಲ್ಲಿ ಚಿತ್ರಾನ್ನ, ಪುಳಿಯೋಗರೆ, ಮೊಸರನ್ನ ಎಂದು ಮೂರು ಹೊತ್ತೂ ಅನ್ನವೇ. ಅಕ್ಕಿ ತೊಳೆದ ನೀರು ಬೇಕಲ್ಲ!

ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಜನವರಿ, ಆಗಸ್ಟ್ ಎರಡೂ ಸಲ ಹಾಜರಿ. ಗಾಜಿನಮನೆಯ ಹೂವಿನ ಮುಂದೆ ಜನ ಸೆಲ್ಫಿಗೆ ಮುಗಿಬಿದ್ದಿದ್ದರೆ ಇವರು ಬೋನ್ಸಾಯ್‌ಗಳ ಮುಂದೆ ಮಂಡಿಯೂರಿ, ‘ಬೇರು ಒಂದೇ ಕಡೆ ಹರಡಿದೆ’ ಎಂದು ಗಂಡಿನ ಕಡೆಯವರಂತೆ ಮುಖ ಸಿಂಡರಿಸುತ್ತಾರೆ.

ಕಷ್ಟವಿರುವುದು ಪರಸ್ಥಳಕ್ಕೆ ಹೋಗುವಾಗ. ಬೇಸಿಗೆಯಲ್ಲಿ ತಟ್ಟೆಯಷ್ಟು ಆಳದ ಕುಂಡ ಒಂದೇ ದಿನದಲ್ಲಿ ಒಣಗುತ್ತದೆ. ಮೊನ್ನೆ ಭಾವಮೈದುನನ ಮದುವೆಗೆ ತುಮಕೂರಿಗೆ ಹೋದವರು ಮನೆಯ ಬೀಗದ ಕೈಯನ್ನು ಸೆಕ್ಯೂರಿಟಿ ಹುಡುಗನಿಗೆ ಕೊಟ್ಟು, ವಿಡಿಯೋ ಕಾಲಿನಲ್ಲಿ ನೀರು ಹಾಕಿಸುತ್ತಿದ್ದರು. ಪುರೋಹಿತರು ‘ಗಟ್ಟಿಮೇಳ, ಗಟ್ಟಿಮೇಳ’ ಎಂದರು, ಮದುಮಗ ತಾಳಿ ಎತ್ತಿದ, ಮೊದಲ ಸಾಲಿನಿಂದ ಓಲಗವನ್ನೂ ಮೀರಿ ರಾಯರ ದನಿ ಕೇಳಿತು:

‘ಬೇಡ, ಬೇಡ! ಸಾಕು ನಿಲ್ಲಿಸೋ! ಕೊಳೆತುಹೋಗುತ್ತೆ!’