ಎರಡು ಚದರಡಿ ಹಿಡುವಳಿದಾರ

ನಮ್ಮ ಮನೆಗೆ ಬಂದವರು ಸೋಫಾದ ಮೇಲೆ ಕೂತು, ನೀರು ಕುಡಿದು, ಗೋಡೆ ಪಕ್ಕದ ಅಕ್ವೇರಿಯಮ್ಮಿನತ್ತ ತಿರುಗಿ ಕೇಳುವ ಮೊದಲ ಪ್ರಶ್ನೆ: "ಮೀನೆಲ್ಲಿ?" ಮೀನು ಇವೆ. ಗಿಡಗಳ ಹಿಂದೆ ಇವೆ. "ಐದು ನಿಮಿಷ ಅಲ್ಲಾಡದೆ ಕೂತರೆ ತಾವಾಗೇ ಬರ್ತಾವೆ" ಎನ್ನುತ್ತೇನೆ. ನೆಂಟರು ಅಲ್ಲಾಡದೆ ಕೂರಲು ಬಂದವರಲ್ಲ. ಎರಡನೆಯ ಪ್ರಶ್ನೆ ಇನ್ನೂ ನಾಟುವಂಥದ್ದು: "ಗಿಡ ಪ್ಲಾಸ್ಟಿಕ್ಕಾ?" ಮೇಲಿನ ಮಹಡಿಯವರ ಮನೆಯಲ್ಲಿ ಅಪ್ಪಟ ಪ್ಲಾಸ್ಟಿಕ್ ಗಿಡಗಳ ಅಕ್ವೇರಿಯಮ್ಮಿದೆ. ಅಲ್ಲಿಗೆ ಹೋದ ಇದೇ ನೆಂಟರು "ಎಷ್ಟು ಚೆನ್ನಾಗಿ ಬೆಳೆಸಿದೀರಾ" ಎಂದು ಹೊಗಳಿ ಬರುತ್ತಾರೆ.

ಹಾಗೆ ನೋಡಿದರೆ ಮಗಳು ಕೇಳಿದ್ದು ಮೀನನ್ನೇ. ಗಿಡ ಬಂದದ್ದು ಮೀನಿಗೆ ಅನುಕೂಲವಾಗಲಿ ಎಂದು. ಮೀನು ಉಸಿರಾಡಿ, ಉಂಡು, ವಿಸರ್ಜಿಸಿದ್ದೆಲ್ಲ ಕೊನೆಗೆ ಅಮೋನಿಯಾ ಆಗುತ್ತದೆ. ಅದು ಮೀನಿಗೇ ವಿಷ. ಗಿಡಕ್ಕೆ ಅದೇ ಗೊಬ್ಬರ. ಇಷ್ಟು ಚಂದದ ಕೊಡುಕೊಳ್ಳುವಿಕೆ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬೇರೆ ಯಾರ ನಡುವೆಯೂ ಇಲ್ಲ. ಆದರೆ ಈ ವ್ಯವಹಾರದಲ್ಲಿ ಧಣಿ ಯಾರು, ಆಳು ಯಾರು ಎಂಬುದು ನಿಧಾನವಾಗಿ ಅದಲುಬದಲಾಯಿತು. ಈಗ ನಾನು ಮೀನಿಗೆ ಕಾಳು ಹಾಕುವಾಗ ನನ್ನ ಲಕ್ಷ್ಯವಿರುವುದು ಗಿಡಕ್ಕೆ ಸಾರಜನಕ ಸಾಲುತ್ತದೋ ಇಲ್ಲವೋ ಎಂಬುದರ ಮೇಲೆ. ಮೀನುಗಳು ನಮ್ಮಲ್ಲಿ ಗೊಬ್ಬರದ ಖಾತೆಯಲ್ಲಿವೆ.

ಈ ಹುಚ್ಚು ನನ್ನಿಂದ ಶುರುವಾದದ್ದಲ್ಲ ಎನ್ನುವುದೊಂದು ಸಮಾಧಾನ. ಲಂಡನ್ನಿನ ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞ 1849ರಲ್ಲಿ ಗಾಜಿನ ಪಾತ್ರೆಯೊಂದಕ್ಕೆ ನೀರು ತುಂಬಿ, ಎರಡು ಗೋಲ್ಡ್‌ಫಿಶ್ ಬಿಟ್ಟು, ಜೊತೆಗೆ ವ್ಯಾಲಿಸ್ನೇರಿಯಾ ಎಂಬ ನೀರುಹುಲ್ಲು ನೆಟ್ಟ. ಗಿಡವೂ ಮೀನೂ ಒಬ್ಬರನ್ನೊಬ್ಬರು ಸಾಕಿಕೊಳ್ಳುತ್ತವೆಯೋ ನೋಡೋಣ ಎಂದು. ಸ್ವಲ್ಪ ದಿನ ಸಾಕಿಕೊಂಡವು. ಆಮೇಲೆ ಹಳೆಯ ಎಲೆ ಕೊಳೆತು, ಪಾಚಿ ಕಟ್ಟಿ, ನೀರು ಕದಡಿತು. ಆತ ಕೊಳದ ಬಸವನಹುಳುಗಳನ್ನು ತಂದು ಬಿಟ್ಟ. ಅವು ಕೊಳೆತದ್ದನ್ನೆಲ್ಲ ತಿಂದು ನೀರು ತಿಳಿಯಾಗಿಸಿದವು. 1850ರಲ್ಲಿ ಅವನು ಇದನ್ನೆಲ್ಲ ಕೆಮಿಕಲ್ ಸೊಸೈಟಿಯ ಮುಂದೆ ಪ್ರಬಂಧವಾಗಿ ಓದಿದ. ಒಬ್ಬ ಮನುಷ್ಯ ತನ್ನ ಅಕ್ವೇರಿಯಮ್ಮಿನ ಬಗ್ಗೆ ಇಷ್ಟುದ್ದ ಮಾತಾಡುವಾಗ ಎದ್ದುಹೋಗದೆ ಕೂತು ಕೇಳುವ ಸಭೆ ಆ ಕಾಲದಲ್ಲಿತ್ತು. ನನಗೆ ಸಿಕ್ಕಿರುವುದು ಹೆಂಡತಿ ಮಾತ್ರ. ಅವಳಿಗೆ ಕುಕ್ಕರ್ ಕೂಗುವುದು ಸರಿಯಾಗಿ ನಾನು ಪಾಚಿಯ ವಿಷಯಕ್ಕೆ ಬಂದಾಗಲೇ.

ವಾರಿಂಗ್ಟನ್ ಬಸವನಹುಳುವನ್ನು ಹುಡುಕಿ ತರಬೇಕಾಯಿತು. ನಾವು ತರಬೇಕಿಲ್ಲ. ಯಾವ ಗಿಡ ತಂದರೂ ಅದರ ಎಲೆಯಡಿಯ ಅಂಟಿನಲ್ಲಿ ಮೊಟ್ಟೆಯಾಗಿ ಪುಕ್ಕಟೆ ಬರುತ್ತದೆ. ಬಂದದ್ದು ಒಂದೇ ಎಂದು ಖುಷಿಪಡುವಂತೆಯೂ ಇಲ್ಲ. ಒಂದೇ ಹುಳದಲ್ಲಿ ಗಂಡೂ ಹೆಣ್ಣೂ ಇರುವ ಜಾತಿ ಅದು. ಸಂಸಾರ ಹೂಡಲು ಜಾತಕ, ಛತ್ರ, ಯಾವುದರ ಹಂಗೂ ಇಲ್ಲ.

ಶಿವಾಜಿನಗರದ ಅಂಗಡಿಯಾತ ಗಿಡ ಕೊಡುವ ಮುಂಚೆ ನಮ್ಮನ್ನು ಸಂದರ್ಶನ ಮಾಡಿದ. "ಲೈಟು ಎಷ್ಟು ಹೊತ್ತು ಹಾಕ್ತೀರಾ?" "ಬೋರ್ ನೀರಾ, ಕಾವೇರಿನಾ?" "ಗ್ಯಾಸ್ ಇದೆಯಾ ಮೇಡಂ?" ಹೆಂಡತಿ ಹೆಮ್ಮೆಯಿಂದ, "ಇದೆ, ಎರಡು ಸಿಲಿಂಡರ್" ಎಂದಳು. ಆತನ ಕಣ್ಣಲ್ಲಿ ಗೌರವ ಮೂಡಿತು. ಆತ ಕೇಳಿದ್ದು ಗಿಡಕ್ಕೆ ಉಣಿಸುವ ಇಂಗಾಲದ ಡೈಆಕ್ಸೈಡು. ಎರಡು ಸಿಲಿಂಡರ್ ಇಟ್ಟವರಿಗೆ ತಕ್ಕಂಥ ಕೆಂಪು ಕೆಂಪು ಗಿಡಗಳನ್ನು ತೋರಿಸತೊಡಗಿದ. ವಿಷಯ ಇತ್ಯರ್ಥವಾದ ಮೇಲೆ ಮುಖ ಸಣ್ಣದು ಮಾಡಿಕೊಂಡು ಮೂಲೆಯ ತೊಟ್ಟಿಗೆ ಕರೆದೊಯ್ದ. ಗ್ಯಾಸಿಲ್ಲದವರ ಗಿಡಗಳು ಅಲ್ಲಿದ್ದವು.

ನಿಜ ಹೇಳಬೇಕೆಂದರೆ ಹೊಸಬರಿಗೆ ಸಲ್ಲುವುದು ಆ ಮೂಲೆಯೇ. ಅಲ್ಲಿ ಅನುಬಿಯಾಸ್ ಇತ್ತು. ಪಶ್ಚಿಮ ಆಫ್ರಿಕದ ಕಾಡುಹೊಳೆಗಳ ನೆರಳಿನಲ್ಲಿ ಬೆಳೆಯುವ ಗಿಡ. ಬೆಳಕು ಸಿಗದ ಜಾಗದ ಜೀವಿ ಎಂದೋ ಏನೋ, ಈಜಿಪ್ಟಿನವರ ಸತ್ತವರ ದೇವರು ಅನುಬಿಸನ ಹೆಸರು ಇಟ್ಟಿದ್ದಾರೆ. ಚರ್ಮದಷ್ಟು ದಪ್ಪ ಎಲೆ. ಹೊಸ ಎಲೆ ಬಿಡಬೇಕೆಂದರೆ ಅದಕ್ಕೆ ವಾರಗಟ್ಟಲೆ ಯೋಚನೆ. ಪಕ್ಕದಲ್ಲಿ ಜಾವಾ ಫರ್ನ್. ಇವೆರಡನ್ನೂ ಮಣ್ಣಲ್ಲಿ ಹೂಳಬಾರದು. ಶುಂಠಿಯಂತೆ ಅಡ್ಡಕ್ಕೆ ಹರಿಯುವ ಗೆಡ್ಡೆ ಹೂತರೆ ಕೊಳೆಯುತ್ತದೆ. ಕಲ್ಲಿಗೋ ಮರದ ತುಂಡಿಗೋ ದಾರದಿಂದ ಕಟ್ಟಬೇಕು. ನಮ್ಮ ಮನೆಯಲ್ಲಿ ಇದಕ್ಕೆ ಬಳಕೆಯಾದದ್ದು ಹೆಂಡತಿಯ ಫಾಲ್ಸ್ ಹಚ್ಚುವ ಹಸಿರು ದಾರ. ಜಾವಾ ಫರ್ನಿನ ಎಲೆಯ ಹಿಂಬದಿಯಲ್ಲಿ ಕಪ್ಪು ಚುಕ್ಕೆಗಳೆದ್ದಾಗ ರೋಗವೆಂದು ಗಾಬರಿಯಾಗುವುದು ಬೇಡ. ಅದು ಜರಿಗಿಡದ ಬೀಜಕದ ಗಂಟು. ಎಲೆಯ ತುದಿಯಲ್ಲೇ ಬೇರು ಸಮೇತ ಮರಿಗಿಡ ಹುಟ್ಟುತ್ತದೆ. ಗಿಡ ಸಾಕಲು ಬಾರದವರೇ ಹೆಚ್ಚು ಎಂದು ಮೊದಲೇ ತಿಳಿದು ಸೃಷ್ಟಿಯಾದ ಗಿಡ.

ಕೆಂಪು ಗಿಡದ ಆಸೆ ಮಾತ್ರ ಹೋಗಲಿಲ್ಲ. ಒಂದು ಕಪ್ ಕೆಂಪು ರೋಟಾಲಾ, ಕಂದು ಎಲೆಯ ಕ್ರಿಪ್ಟೊಕೊರೈನ್ ಎರಡು ಬುಡ ತಂದು ನೆಟ್ಟೆ. ವಾರದೊಳಗೆ ಎಲೆಗಳೆಲ್ಲ ಗಾಜಿನಂತೆ ತೆಳ್ಳಗಾಗಿ ಕರಗಿದವು. ಅಂಗಡಿಗೆ ದೂರು ಒಯ್ದರೆ, "ಕರಗಲೇಬೇಕು ಸಾರ್" ಎಂದ. ಆತ ಹೇಳಿದ್ದು ಶುದ್ಧ ಸಸ್ಯಶಾಸ್ತ್ರ. ಅಕ್ವೇರಿಯಮ್ಮಿನ ಗಿಡಗಳಲ್ಲಿ ಬಹುಪಾಲು ನರ್ಸರಿಯಲ್ಲಿ ಬೆಳೆಯುವುದು ನೀರಿನಿಂದ ತಲೆ ಹೊರಗಿಟ್ಟು, ತೇವದ ಗಾಳಿಯಲ್ಲಿ. ಗಾಳಿಯಲ್ಲಿ ಬಿಟ್ಟ ಎಲೆ ನೀರಲ್ಲಿ ಮುಳುಗಿದರೆ ಕೆಲಸಕ್ಕೆ ಬಾರದು. ಗಿಡ ಅದನ್ನು ಕಳಚಿ, ನೀರಿಗೆ ತಕ್ಕ ತೆಳು ಎಲೆ ಬಿಡಬೇಕು. ಕ್ರಿಪ್ಟೊಕೊರೈನ್ ಅಂತೂ ಜಾಗ ಬದಲಾದರೂ ಮುನಿಯುತ್ತದೆ, ನೀರು ಬದಲಾದರೂ ಮುನಿಯುತ್ತದೆ. ಬೇರು ಮಾತ್ರ ಬದುಕಿರುತ್ತದೆ. ಕಿತ್ತು ನೋಡದೆ ಬಿಟ್ಟರೆ ಮತ್ತೆ ಚಿಗುರುತ್ತದೆ. ಕಿತ್ತು ನೋಡದೆ ಇರುವುದೇ ಈ ಕೃಷಿಯ ಅತ್ಯಂತ ಕಠಿಣ ಭಾಗ. ನಾನು ಆಫೀಸಿಗೆ ಹೋಗುವವನಾದ್ದರಿಂದ ಅವು ಉಳಿದವು.

ಗ್ಯಾಸಿನ ವಿಷಯಕ್ಕೆ ಬರುತ್ತೇನೆ. ಅನಿಲಗಳು ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತವೆ. ಅಂದರೆ ಮುಳುಗಿದ ಗಿಡ ಎಷ್ಟೇ ಬೆಳಕಿದ್ದರೂ ಇಂಗಾಲಕ್ಕಾಗಿ ಕಾಯುತ್ತಾ ಕೂರಬೇಕು. ಅದು ಕಾಯುವಷ್ಟರಲ್ಲಿ ಬೆಳಕನ್ನೆಲ್ಲ ಪಾಚಿ ಉಂಡಿರುತ್ತದೆ. ಸಿಲಿಂಡರ್, ರೆಗ್ಯುಲೇಟರ್ ತರುವಷ್ಟು ಹಣವಿಲ್ಲದ ಬಡವರ ದಾರಿಯೆಂದರೆ ಪ್ಲಾಸ್ಟಿಕ್ ಬಾಟಲಿಯಲ್ಲಿ ಸಕ್ಕರೆ ನೀರು ತುಂಬಿ, ಬ್ರೆಡ್ಡಿಗೆ ಹಾಕುವ ಯೀಸ್ಟ್ ಬೆರೆಸಿ, ಮುಚ್ಚಳಕ್ಕೆ ನಳಿಗೆ ತೂರಿಸಿ ಇನ್ನೊಂದು ತುದಿಯನ್ನು ಅಕ್ವೇರಿಯಮ್ಮಿಗೆ ಬಿಡುವುದು. ಯೀಸ್ಟ್ ಸಕ್ಕರೆ ತಿಂದು ಗ್ಯಾಸು ಬಿಡುತ್ತದೆ. ಗ್ಯಾಸಿನ ಜೊತೆ ಮದ್ಯವನ್ನೂ ತಯಾರಿಸುತ್ತದೆ ಎಂಬುದು ಶಾಲೆಯಲ್ಲಿ ಓದಿದ್ದು ನೆನಪಿಗೆ ಬರುವ ಹೊತ್ತಿಗೆ, ಹಾಲಿನಲ್ಲೆಲ್ಲ ಹುಳಿ ಹುಳಿ ವಾಸನೆ ಹಬ್ಬಿತ್ತು. ಸತ್ಯನಾರಾಯಣ ಪೂಜೆಗೆ ಕರೆಯಲು ಬಂದ ಎದುರುಮನೆಯ ಹಿರಿಯರು ಬಾಟಲಿಯನ್ನೂ ನಳಿಗೆಯನ್ನೂ ಗುಳುಗುಳು ಏಳುವ ಗುಳ್ಳೆಯನ್ನೂ ಬಹಳ ಹೊತ್ತು ನೋಡಿದರು. "ಎಲ್ಲ ಮನೆಯಲ್ಲೇ ಮಾಡ್ಕೋತೀರಾ?" ಎಂದರು. "ಹೌದು, ಹೊರಗೆ ದುಬಾರಿ" ಎಂದೆ. ಪೂಜೆಗೆ ಕರೆಯದೆಯೇ ಹೋದರು.

ಉಳಿದದ್ದು ಗೊಬ್ಬರ. ಮೀನಿನಿಂದ ಸಾರಜನಕವೂ ರಂಜಕವೂ ಬರುತ್ತವೆ, ಪೊಟ್ಯಾಷ್ ಸಾಲದು. ಸಣ್ಣ ಸೀಸೆಯಲ್ಲಿ ಚಂದದ ಲೇಬಲ್ ಹಚ್ಚಿ ಮಾರುವ ದ್ರವದಲ್ಲಿರುವ ಮುಖ್ಯ ಮಾಲು ಪೊಟ್ಯಾಸಿಯಂ ನೈಟ್ರೇಟ್. ಅದನ್ನೇ ರೈತರು 13-0-45 ಎಂಬ ಹೆಸರಿನಲ್ಲಿ ಬೆಳೆಗೆ ಸಿಂಪಡಿಸುತ್ತಾರೆ. ಗೊಬ್ಬರದ ಅಂಗಡಿಗೆ ಹೋದೆ.

"ಎಷ್ಟು ಎಕರೆಗೆ?"

ನಮ್ಮ ಅಕ್ವೇರಿಯಮ್ಮು ಎರಡಡಿ ಉದ್ದ, ಒಂದಡಿ ಅಗಲ. ಒಂದು ಗುಂಟೆಗೆ 1,089 ಚದರಡಿ. "ಗುಂಟೆಗಿಂತ ಸ್ವಲ್ಪ ಕಡಿಮೆ" ಎಂದೆ.

"ಯಾವ ಬೆಳೆ?"

"ಜಾವಾ ಫರ್ನ್. ರೋಟಾಲಾನೂ ಇದೆ."

"ಹೊಸದಾ? ಎಲ್ಲಿ ಹಾಕಿದೀರಾ?"

"ಹಾಲಲ್ಲಿ."

ಅವರು ಹಾಲು, ಮೊಸರು, ಎರೆಮಣ್ಣು ಎಲ್ಲವನ್ನೂ ಒಮ್ಮೆ ಮನಸ್ಸಿನಲ್ಲಿ ಹಾದುಬಂದು, ಮರುಮಾತಿಲ್ಲದೆ ಒಂದು ಕಿಲೋ ಪೊಟ್ಟಣ ಕೊಟ್ಟರು. ವಾರಕ್ಕೆ ಚಮಚದ ತುದಿಯಷ್ಟು ಸಾಕು. ಈ ಲೆಕ್ಕದಲ್ಲಿ ಮಗಳ ಮದುವೆಯಲ್ಲಿ ಅಳಿಯನಿಗೆ ಅರ್ಧ ಪೊಟ್ಟಣ ಬಳುವಳಿ ಕೊಡಬಹುದು.

ಈ ಕಲೆಯ ದೊಡ್ಡ ಹೆಸರು ಜಪಾನಿನ ನಿಗಾತದ ತಕಾಶಿ ಅಮಾನೊ. ಸೈಕಲ್ ಪಂದ್ಯಗಳ ವೃತ್ತಿಪರ ಸವಾರನಾಗಿದ್ದವನು ಅದನ್ನು ಬಿಟ್ಟು ನೀರೊಳಗೆ ಹುಲ್ಲುಗಾವಲು, ಬೆಟ್ಟ, ಕಣಿವೆ ಕಟ್ಟತೊಡಗಿದ. 1982ರಲ್ಲಿ ಕಂಪನಿ ತೆರೆದ. 2015ರಲ್ಲಿ, ತಾನು ತೀರಿಕೊಂಡ ವರ್ಷವೇ, ಲಿಸ್ಬನ್ನಿನಲ್ಲಿ 40 ಮೀಟರ್ ಉದ್ದದ ಅಕ್ವೇರಿಯಮ್ಮಿನಲ್ಲಿ ಒಂದು ಕಾಡನ್ನೇ ನೆಟ್ಟುಕೊಟ್ಟು ಹೋದ. ಅವನ ಫೋಟೊಗಳನ್ನು ನೋಡಿ ಸ್ಫೂರ್ತಿಗೊಂಡು ನಾನೂ ಒಂದು ಕಣಿವೆ ರಚಿಸಿದೆ. ಬಸವನಹುಳುಗಳು ಅಲ್ಲಿ ಸಮಾವೇಶಗೊಂಡಿವೆ.

ಕಣಿವೆಯ ತಳಕ್ಕೆ ಜಂಬಿಟ್ಟಿಗೆಯ ಪುಡಿ ಹಾಕಬೇಕೆಂದು ಓದಿದಾಗ ಮಾತ್ರ ಸ್ವಲ್ಪ ಕಸಿವಿಸಿಯಾಯಿತು. ಅದರಲ್ಲಿ ಕಬ್ಬಿಣವಿದೆ, ಗಿಡದ ಬೇರಿಗೆ ಬೇಕು, 1980ರ ದಶಕದಲ್ಲಿ ಜರ್ಮನಿಯ ಹವ್ಯಾಸಿಗಳು ಅದನ್ನು ಬಳಕೆಗೆ ತಂದರು ಎಂಬುದೆಲ್ಲ ಸರಿ. ಆ ಕಲ್ಲಿಗೆ ಲ್ಯಾಟರೈಟ್ ಎಂದು 1807ರಲ್ಲಿ ಹೆಸರಿಟ್ಟ ಫ್ರಾನ್ಸಿಸ್ ಬುಕಾನನ್ ಅದನ್ನು ಕಂಡದ್ದು ಮಲಬಾರಿನ ಅಂಗಡಿಪುರಂನಲ್ಲಿ. ಸಾಗರ ಸೀಮೆಯ ನಮ್ಮ ಮನೆಯ ಗೋಡೆ, ಬಾವಿ, ಕೊಟ್ಟಿಗೆ ಎಲ್ಲವೂ ಅದೇ ಕಲ್ಲು. ಮಳೆಗಾಲದಲ್ಲಿ ಬಿಳಿ ಪಂಚೆಗೆ ಹತ್ತಿದರೆ ಹೋಗದ ಆ ಕೆಂಪನ್ನು ಪೊಟ್ಟಣ ಕಟ್ಟಿ, ಹೊರದೇಶದ ಚೀಟಿ ಅಂಟಿಸಿ, ಕಿಲೋ ಲೆಕ್ಕದಲ್ಲಿ ಮಾರುತ್ತಿದ್ದರು. ಕೊಂಡೆ.

ಇಷ್ಟರಲ್ಲಿ ಅಮ್ಮ ಊರಿಂದ ಕಣ್ಣಿನ ಪೊರೆ ತೆಗೆಸಿಕೊಳ್ಳಲು ಬಂದಳು. ಆಪರೇಶನ್ನಿಗೆ ಮುಂಚೆ ಅವಳಿಗೆ ಅಕ್ವೇರಿಯಮ್ಮು ಹಸಿರಾಗಿ, ಮಸುಕಾಗಿ, ಒಟ್ಟಿನಲ್ಲಿ ಚೆನ್ನಾಗಿ ಕಾಣುತ್ತಿತ್ತು. ಪಟ್ಟಿ ಬಿಚ್ಚಿದ ಮರುದಿನ ಗಾಜಿಗೆ ಮೂಗು ತಾಗಿಸಿ ನಿಂತಳು.

"ತಮಾ, ಇದು ನಮ್ಮನೆ ಗದ್ದೆ ಕಳೆ ಅಲ್ದನಾ? ಇದಕ್ಕೆ ದುಡ್ಡು ಕೊಟ್ಯನಾ?"

ವೈದ್ಯರು ಆಪರೇಶನ್ ಚೆನ್ನಾಗಿ ಮಾಡಿದ್ದರು. ರೋಟಾಲಾ ಕುಲದ ಹಲವು ಗಿಡಗಳು ನಮ್ಮ ಭತ್ತದ ಗದ್ದೆಯ ಕಳೆಗಳೇ. ಅಂಬುಲಿಯಾ ಎಂದು ಮಾರುವ ಲಿಮ್ನೋಫಿಲಾ ಕೂಡ ಅದೇ ಗದ್ದೆಯದು. ಡೆನ್ಮಾರ್ಕಿನ ನರ್ಸರಿಯವರು ಬೆಳೆಸುವ ಲ್ಯಾಗೆನಾಂಡ್ರಾ ಮೀಬೋಲ್ಡಿ ಪಶ್ಚಿಮಘಟ್ಟದ ಹಳ್ಳದ ಬದಿಯದು. ಪೊಗೊಸ್ಟೆಮಾನ್ ಎರೆಕ್ಟಸ್ ಎಂಬ ಬಲು ಬೇಡಿಕೆಯ ಗಿಡ ನಮ್ಮ ಪಚ್ಚೆತೆನೆಯ ದಾಯಾದಿ. ಬಕೋಪಾ ಎಂದು ನಾನು ಗೌರವದಿಂದ ಕರೆಯುತ್ತಿದ್ದದ್ದು ನೀರುಬ್ರಾಹ್ಮಿ. ಅಮ್ಮ ಒಂದೊಂದನ್ನೇ ಬೆರಳಿಟ್ಟು ತೋರಿಸುತ್ತಾ ಹೋದಳು: ಇದು ಗದ್ದೆಯ ಮೂಲೆಯದು, ಇದು ತೋಟದ ಬಸಿಗಾಲುವೆಯದು, ಇದು ಹೊಳೆ ದಾಟುವಲ್ಲಿ ಕಾಲು ಜಾರುವ ಕಡೆಯದು. ಒಂದೊಂದಕ್ಕೂ ಬೆಲೆ ಕೇಳಿದಳು. ನೂರೈವತ್ತು ಅಂದೆ. ಮುನ್ನೂರು ಅಂದೆ. ಆಮೇಲೆ ಅವಳು ಮಾತಾಡಲಿಲ್ಲ. ಒಳಗೊಳಗೇ ನಮ್ಮ ಎರಡೆಕರೆ ಗದ್ದೆಯ ಗುಣಾಕಾರ ನಡೆಯುತ್ತಿತ್ತು.

ಒಂದು ವಿಷಯದಲ್ಲಿ ಮಾತ್ರ ಅಮ್ಮ ಸೋತಳು. ಕತ್ತರಿಸಿ ತೆಗೆದ ನೀರುಬ್ರಾಹ್ಮಿಯ ಕುಡಿಗಳನ್ನು ಕಂಡು ತಂಬುಳಿಗೆಂದು ಕೈ ಹಾಕಿದವಳು ಸಟ್ಟನೆ ಹಿಂದೆಳೆದುಕೊಂಡಳು. "ಮೀನು ಆಡಿದ ನೀರಿಂದು. ಆಗ್ತಿಲ್ಲೆ." ಗದ್ದೆಯ ನೀರಲ್ಲೂ ಮೀನಿರುತ್ತದಲ್ಲಾ ಅಜ್ಜಿ ಎಂದು ಮಗಳು ಕೇಳಿದ್ದಕ್ಕೆ, "ಅದು ಹರಿಯ ನೀರು" ಎಂದಳು. ನನ್ನ ಫಿಲ್ಟರ್ ಗಂಟೆಗೆ 300 ಲೀಟರ್ ಹರಿಸುತ್ತದೆ ಎಂದೆ. ಅಮ್ಮ ಫಿಲ್ಟರನ್ನು ಹೊಳೆಯೆಂದು ಒಪ್ಪಲಿಲ್ಲ.

ಊರಿಗೆ ಹೋದವಳು ನಾಟಿಯಾದ ಮೇಲೆ ಫೋನು ಮಾಡಿದಳು. ಮಳೆ ಹೇಗೆ, ಅಡಿಕೆಗೆ ಕೊಳೆ ಬಂದಿದೆಯೋ, ಎಲ್ಲ ಆಯಿತು. ನಂತರ ತಗ್ಗಿದ ದನಿಯಲ್ಲಿ ಹೇಳಿದಳು: "ಕಳೆ ಕೀಳಲೆ ಆಳು ಸಿಕ್ತ್ವಿಲ್ಲೆ. ನಿನ್ನ ಆ ಅಂಗಡಿಯವಂಗೆ ಬಪ್ಪಲೆ ಹೇಳು. ಬೇಕಾದಷ್ಟು ಕಿತ್ಗಂಡು ಹೋಗ್ಲಿ. ಎರಡು ಹೊತ್ತು ಊಟ ಹಾಕ್ತಿ."

ನಗೆಚಾಟಿಕೆಯೆಂದು ಅಂಗಡಿಯಾತನಿಗೆ ಹೇಳಿದೆ. ಆತ ನಗಲಿಲ್ಲ. ಕೈಯಲ್ಲಿದ್ದ ಬಲೆಯನ್ನು ಬದಿಗಿಟ್ಟ.

"ಸಾಗರಕ್ಕೆ ರಾತ್ರಿ ರೈಲು ಎಷ್ಟು ಗಂಟೆಗೆ ಸಾರ್?"